ಕಣ್ಣಲ್ಲಿ ಮೊಳಕೆ ಬಂದ ಎತ್ತು

ಇವತ್ತು ಬೆಳಿಗ್ಗೆ ನಮ್ಮ ಸೊಸೈಟಿಯ ಗೇಟಿನ ಪಕ್ಕದ ಬಾಟಲ್ ಪಾಮ್ ಮರದಿಂದ ಒಂದು ಹಾಳೆ ಧೊಪ್ಪೆಂದು ಬಿತ್ತು. ಬಿದ್ದದ್ದು ಮೂರನೇ ಮಹಡಿಯವರ ಹೊಸ ಕಾರಿನ ಮೇಲೆ. ಅವರು ಚಪ್ಪಲಿಯನ್ನೂ ಹಾಕಿಕೊಳ್ಳದೆ ಇಳಿದು ಬಂದು, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ ಬಾನೆಟ್ಟನ್ನು ಮುಟ್ಟಿ ನೋಡಿ, ಈ ಮರಗಳನ್ನೆಲ್ಲ ಕಡಿಸಲೇಬೇಕೆಂದು ಸೆಕ್ರೆಟರಿಗೆ ಫೋನಿನಲ್ಲಿ ಹೇಳತೊಡಗಿದರು. ನಾನು ಹಾಲಿನ ಪ್ಯಾಕೆಟ್ ಹಿಡಿದು ಅಲ್ಲೇ ನಿಂತಿದ್ದೆ. ಕಾರಿನ ಬಗ್ಗೆ ಒಂದು ಅನುಕಂಪದ ಮಾತು ಆಡಬಹುದಿತ್ತು, ಆಡಲಿಲ್ಲ. ಬಗ್ಗಿ ಹಾಳೆಯನ್ನೆತ್ತಿ, ಒಳಮೈ ತಿರುಗಿಸಿ, ಮುಖದ ಮುಂದೆ ಹಿಡಿದು ನೋಡಿದೆ. ಹುಲಿಯಾಗುವಷ್ಟು ಅಗಲವಿಲ್ಲ, ಆನೆಯಾಗುವಷ್ಟು ಉದ್ದವಿಲ್ಲ, ಎಮ್ಮೆಯಾದೀತು ಅನ್ನಿಸಿತು. ವಾಚ್‌ಮನ್ ಕಸದ ಗಾಡಿ ತಳ್ಳಿಕೊಂಡು ಬಂದು, "ಮ್ಯಾಡಮ್, ಕಚರಾ ಹೈ" ಎಂದು ಕೈ ಚಾಚಿದ. ಕೊಡಲು ಮನಸ್ಸು ಬರಲಿಲ್ಲ. ಮನೆಗೆ ತಂದೆ.

ಐವತ್ತು ದಾಟಿದ, ವಿಮಾ ಕಚೇರಿಯಲ್ಲಿ ಕ್ಲೇಮ್ ಫೈಲು ನೋಡುವ, ಮೈಸೂರಿನಿಂದ ಠಾಣೆಗೆ ಬಂದು ಕಾಲು ಶತಮಾನ ಕಳೆದ ಹೆಂಗಸು ಬಿದ್ದ ಹಾಳೆಯಲ್ಲಿ ಎಮ್ಮೆ ಹುಡುಕುವುದೆಂದರೆ ಅದಕ್ಕೊಂದು ಹಿನ್ನೆಲೆ ಇರಲೇಬೇಕು. ಇದೆ. ಅದನ್ನು ನೆಂಟರಿಷ್ಟರ ಮುಂದೆ ಎಷ್ಟೋ ಸಲ ಹೇಳಿ ನಗಿಸಿದ್ದೇನೆ. ನಗಿಸುವ ಭರದಲ್ಲಿ ಅರ್ಧ ಬಿಟ್ಟು ಹೇಳುತ್ತಿದ್ದೆ. ಇವತ್ತು ಭಾನುವಾರ, ಪೂರ್ತಿ ಹೇಳುತ್ತೇನೆ. ನಿಮಗೂ ತುರ್ತಿನ ಕೆಲಸವಿಲ್ಲದಿದ್ದರೆ ಕೂತುಕೊಳ್ಳಿ.

ನನ್ನ ಮಗಳು ಮೇಘಾ ಆಗ ನಾಲ್ಕನೇ ಕ್ಲಾಸು. ಜೂನ್ ತಿಂಗಳಲ್ಲಿ ಶಾಲೆ ಶುರುವಾದ ಎರಡನೇ ವಾರಕ್ಕೇ ಒಂದು ಸುತ್ತೋಲೆ ಬಂತು. ನೈಸರ್ಗಿಕ ವಸ್ತುಗಳಿಂದ ಮಾತ್ರ ಒಂದು ಪ್ರಾಣಿಯ ಮುಖವಾಡ ಅಥವಾ ಮೂರ್ತಿ ಮಾಡಿ ತರಬೇಕು. ಪ್ಲಾಸ್ಟಿಕ್, ಥರ್ಮೋಕೋಲ್ ಕೂಡದು. ಒಬ್ಬ ವಿದ್ಯಾರ್ಥಿಗೆ ಒಂದೇ ಕೃತಿ. ಪಾಲಕರು ಸಹಾಯ ಮಾಡಬಾರದು. ಕೊನೆಯ ಸಾಲಿಗೆ ಅಡಿಗೆರೆ ಎಳೆದಿದ್ದರು. ಆ ರಾತ್ರಿಯೇ ಅಮ್ಮಂದಿರ ವಾಟ್ಸಾಪ್ ಗುಂಪಿನಲ್ಲಿ ತೆಂಗಿನ ನಾರು ಎಲ್ಲಿ ಸಿಗುತ್ತದೆ, ಹಕ್ಕಿಯ ಗರಿ ನೈಸರ್ಗಿಕವೋ ಅಲ್ಲವೋ ಎಂಬ ಚರ್ಚೆ ನಡೆಯಿತು. ಮಕ್ಕಳೆಲ್ಲ ಟಿವಿ ನೋಡುತ್ತಿದ್ದರು.

ನಾನೇನು ಕಮ್ಮಿ. ಮೈಸೂರಿನಲ್ಲಿ ದಸರೆಗೆ ಗೊಂಬೆ ಕೂರಿಸುವ ಮನೆಯಲ್ಲಿ ಹುಟ್ಟಿದವಳು, ಕೈಕೆಲಸ ನನ್ನ ರಕ್ತದಲ್ಲಿದೆ ಎಂದು ಭಾವಿಸಿದ್ದೆ. ಗೊಂಬೆಗಳನ್ನು ಜೋಡಿಸುವುದೇ ಬೇರೆ, ಮಾಡುವುದೇ ಬೇರೆ ಎಂಬುದು ಆಗ ಹೊಳೆದಿರಲಿಲ್ಲ. ಮೇಘಾಳನ್ನು ಎಳೆದುಕೊಂಡು ಸೊಸೈಟಿಯ ತೋಟವನ್ನೆಲ್ಲ ಸುತ್ತಿದೆ. ಅದೊಂದು ವಿಚಿತ್ರ ವಾರ. ಅಲ್ಲಿಯವರೆಗೆ ನಾನು ಕಸವೆಂದುಕೊಂಡಿದ್ದುದೆಲ್ಲ ಯಾವುದೋ ಪ್ರಾಣಿಯ ಅಂಗವಾಗಿ ಕಾಣತೊಡಗಿತು. ಗುಲ್‌ಮೊಹರಿನ ಕಪ್ಪು ಕೋಡು ಜಿಂಕೆಯ ಕೊಂಬು. ಒಣಗಿದ ಹೀರೇಕಾಯಿಯ ನಾರು ಕರಡಿಯ ಮೈ. ಬಾಲ್ಕನಿಯಲ್ಲಿ ಒಣಗಿದ್ದ ಮಾವಿನ ಗೊರಟೆಯನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಬಾಚಿದರೆ ಥೇಟು ಮುದಿ ಮೇಕೆಯ ಮುಖ. ರೈಲಿನಲ್ಲಿ ನಿಂತು ಆಫೀಸಿಗೆ ಹೋಗುವಾಗಲೂ ಎದುರಿನವರ ಚೀಲದಿಂದ ಇಣುಕುವ ನುಗ್ಗೇಕಾಯಿ ಯಾವುದರ ಬಾಲವಾದೀತು ಎಂದು ಯೋಚಿಸುತ್ತಿದ್ದೆ.

ಕೊನೆಗೆ ಹುಲಿಯ ಮುಖವಾಡ ಎಂದು ತೀರ್ಮಾನವಾಯಿತು. ಪಾಮಿನ ಹಾಳೆಯನ್ನು ಬಕೆಟ್ಟಿನಲ್ಲಿ ನೆನೆಸಿ, ಬಗ್ಗಿಸಿ, ಹೊಲಿಗೆ ಹಾಕಿ, ಅರಿಶಿನ ಬಳಿದು, ತೆಂಗಿನ ನಾರಿನ ಮೀಸೆಯನ್ನು ಮೈದಾ ಅಂಟಿನಿಂದ ಅಂಟಿಸಿದೆ. ಬೆಳಿಗ್ಗೆ ಎದ್ದು ನೋಡಿದರೆ ಇರುವೆಗಳು ಅಂಟನ್ನು ತಿಂದು ಮೀಸೆಯನ್ನು ಕೆಳಗೆ ಬೀಳಿಸಿದ್ದವು. ಒಣಗುತ್ತಾ ಹಾಳೆ ತನ್ನಿಷ್ಟಕ್ಕೆ ಮುದುರಿಕೊಂಡು, ಹುಲಿಯ ಒಂದು ಕಣ್ಣು ಇನ್ನೊಂದರ ಹತ್ತಿರ ಬಂದಿತ್ತು. ನಮ್ಮವರು ಪೇಪರಿನಿಂದ ತಲೆಯೆತ್ತಿ, ಇದು ನಿಮ್ಮ ಆಫೀಸಿನ ಮ್ಯಾನೇಜರ್ ತರ ಇದೆಯಲ್ಲ ಎಂದರು. ಮೇಘಾ ಎದ್ದು ಒಳಗೆ ಹೋದಳು.

ಆಗ ಮನೆಗೆಲಸಕ್ಕೆ ಬಂದವರು ನೀಲವ್ವ. ಇಂಡಿ ತಾಲೂಕಿನವರು, ಆಗಲೇ ಐವತ್ತರ ಹತ್ತಿರ. ಕಳವಾ ಎಂಬ ಪಕ್ಕದ ಊರಿನಲ್ಲಿ ಒಂದು ಕೋಲಿ, ಅಂದರೆ ಒಂದೇ ಕೋಣೆಯ ಮನೆ. ಅಲ್ಲಿಂದ ದಿನಾ ಸೇತುವೆ ದಾಟಿ ನಡೆದು ಠಾಣೆಗೆ ಬಂದು ನಮ್ಮದೂ ಸೇರಿ ನಾಲ್ಕು ಮನೆ ಮಾಡುತ್ತಿದ್ದರು. ಗಂಡ ಶರಣಪ್ಪ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಲೋಡಿಂಗ್ ಕೆಲಸ. ವಾರವೆಲ್ಲ ಅಲ್ಲೇ ಇದ್ದು ಭಾನುವಾರಕ್ಕೊಮ್ಮೆ ಮನೆಗೆ ಬರುವುದು. ನನ್ನ ಮೈಸೂರು ಕನ್ನಡಕ್ಕೂ ನೀಲವ್ವನವರ ಕನ್ನಡಕ್ಕೂ ಮೊದಮೊದಲು ಹೊಂದಿಕೆಯಾಗದೆ ನಾವಿಬ್ಬರೂ ಹಿಂದಿಯಲ್ಲಿ ಮಾತಾಡಿಕೊಂಡದ್ದೂ ಉಂಟು. ಮೇಘಾ ಇಬ್ಬರ ಕನ್ನಡವನ್ನೂ ತಿಳಿದುಕೊಂಡು ಇಬ್ಬರಿಗೂ ಹಿಂದಿಯಲ್ಲೇ ಉತ್ತರ ಕೊಡುತ್ತಿದ್ದಳು.

ನೀಲವ್ವ ಕಸಬರಿಗೆ ಬದಿಗಿಟ್ಟು ನನ್ನ ಹುಲಿಯನ್ನು ಕೈಗೆ ತೆಗೆದುಕೊಂಡರು. ಹಿಂದೆ ಮುಂದೆ ತಿರುಗಿಸಿದರು.

"ಯಾರ ಮಾಡ್ಯಾರ್ರಿ?"

"ಮೇಘಾ," ಎಂದೆ.

"ಹುಲಿ ಅಲ್ರಿ ಇದು. ಹೊಟ್ಟಿ ನೋಯಾಕತ್ತಿದ ಬೆಕ್ಕು." ಮುಖದಲ್ಲಿ ನಗುವಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು. ಆಮೇಲೆ ನಾನು ಹೆರೆದಿಟ್ಟಿದ್ದ ಹೀರೇಕಾಯಿಯ ತುದಿಯನ್ನು ತೆಗೆದುಕೊಂಡು, ಕಡ್ಡಿಪೆಟ್ಟಿಗೆಯ ನಾಲ್ಕು ಕಡ್ಡಿ ಚುಚ್ಚಿ, ಎರಡು ಕಡೆ ಉಗುರಿನಿಂದ ಒತ್ತಿ ಮೇಜಿನ ಮೇಲಿಟ್ಟರು. ಇಲಿ. ಕ್ಷಣದ ಹಿಂದೆ ತರಕಾರಿಯಾಗಿದ್ದದ್ದು ಈಗ ಓಡಿಹೋಗುವ ಯೋಚನೆಯಲ್ಲಿತ್ತು. ಅದು ಹೇಗೆ ಆಯಿತೆಂದು ನನಗೆ ಅರ್ಥವಾಗಲಿಲ್ಲ. ಆ ಅರ್ಥವಾಗದಿರುವಿಕೆಯೇ ನನ್ನನ್ನು ಹಿಡಿದುಕೊಂಡಿತು ಅನ್ನಬೇಕು. ಅವತ್ತಿನಿಂದ ನೀಲವ್ವ ಪಾತ್ರೆ ತೊಳೆಯುವಾಗ ನಾನು ಹಿಂದೆ ನಿಂತು ಪ್ರಶ್ನೆ ಕೇಳುವವಳಾದೆ. ಎಲ್ಲಿ ಕಲಿತಿರಿ, ಯಾರು ಕಲಿಸಿದರು, ಮೊದಲು ತಲೆಯೋ ಹೊಟ್ಟೆಯೋ.

"ಕಲ್ಸೋದೇನ್ರಿ. ಮಣ್ಣೆತ್ತಿನ ಅಮಾಸಿಗೆ ಊರೆಲ್ಲ ಮಾಡ್ತಾರ. ನೀವು ಮಾಡಂಗಿಲ್ಲ?"

ನಾವು ಮಾಡುವುದಿಲ್ಲ. ಕಾರಹುಣ್ಣಿಮೆ ಕಳೆದು ಬರುವ ಅಮಾವಾಸ್ಯೆಗೆ ವಿಜಯಪುರದ ಕಡೆ ಮನೆಮನೆಯಲ್ಲೂ ಮಣ್ಣಿನ ಜೋಡಿ ಎತ್ತು ಮಾಡಿ ಪೂಜಿಸುತ್ತಾರೆಂದು ಪಠ್ಯಪುಸ್ತಕದಲ್ಲಿ ಓದಿದ್ದೆ, ಅಷ್ಟೆ. ಇಲ್ಲಿನ ಮರಾಠಿಯವರು ಎತ್ತಿನ ಹಬ್ಬ ಮಾಡುವುದು ಶ್ರಾವಣದ ಕೊನೆಗೆ, ಪೋಳಾ ಎಂದು. ಹಾಗಾಗಿ ನೀಲವ್ವನವರ ಅಮಾವಾಸ್ಯೆಗೆ ಠಾಣೆಯ ಮಾರ್ಕೆಟ್ಟಿನಲ್ಲಿ ಒಂದು ಎತ್ತೂ ಕಾಣದು. ಅವರಿಗೆ ಅದರಿಂದ ತೊಂದರೆಯೇನಿಲ್ಲ. ಪ್ರತಿ ಬೇಸಿಗೆಯಲ್ಲಿ ಊರಿಗೆ ಹೋದಾಗ ಒಂದು ಚೀಲ ಎರೆಮಣ್ಣು ತಂದು ಮಂಚದ ಕೆಳಗೆ ಇಟ್ಟಿರುತ್ತಿದ್ದರು. ಎರಡು ಎತ್ತಿಗೆ, ಅವುಗಳ ಮುಂದಿಡುವ ಒಂದು ಗ್ವಾದಲಿಗೆ, ಅಂದರೆ ಮೇವಿನ ತೊಟ್ಟಿಗೆ, ಸಾಕಾಗುವಷ್ಟು. ಆ ವರ್ಷ ನಾನು ಹಟ ಹಿಡಿದೆ. ಮಣ್ಣನ್ನು ನಮ್ಮ ಮನೆಗೇ ತನ್ನಿ, ಇಲ್ಲೇ ಮಾಡಿ, ನಾನು ನೋಡಬೇಕು.

ಅಮಾವಾಸ್ಯೆಯ ಹಿಂದಿನ ಮಧ್ಯಾಹ್ನ ನಮ್ಮ ಅಡುಗೆಮನೆಯ ಬಾಲ್ಕನಿಯಲ್ಲಿ ನೀಲವ್ವ ಕಾಲು ಚಾಚಿ ಕೂತರು. ಹೊರಗೆ ಮಳೆ. ಮಣ್ಣನ್ನು ಹಳೇ ಸೀರೆಯ ತುಂಡಿನಲ್ಲಿ ಸೋಸಿ, ನೀರು ಚಿಮುಕಿಸಿ, ಒಂದಿಷ್ಟು ಹತ್ತಿಯನ್ನು ಬಿಡಿಸಿ ಹಾಕಿ, ರೊಟ್ಟಿಯ ಹಿಟ್ಟು ನಾದುವ ಹಾಗೆ ನಾದಿದರು. ಹತ್ತಿ ಯಾಕೆಂದು ಕೇಳಿದೆ. ಬಿರುಕು ಬಿಡಂಗಿಲ್ರಿ ಎಂದರು. ಎರಡು ಮುದ್ದೆ ಮಾಡಿ, ಒಂದನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಮೊದಲು ಬೆನ್ನು ನೀವಿದರು, ಆಮೇಲೆ ಡುಬ್ಬ, ಆಮೇಲೆ ಕತ್ತು. ನಾನು ಉತ್ಸಾಹದಲ್ಲಿ ನಾಲ್ಕು ಪುಟ್ಟ ಕಡುಬಿನಂಥ ಉಂಡೆ ಹೊಸೆದು, ಕಾಲಿಗೆ ತೊಗೊಳ್ಳಿ ಎಂದು ಕೊಟ್ಟೆ. ನೀಲವ್ವ ಅದನ್ನು ಮುದ್ದೆಗೇ ಸೇರಿಸಿ ನಾದಿಬಿಟ್ಟರು.

"ಕಾಲು ಹಚ್ಚಬಾರದ್ರಿ ಅಕ್ಕಾರ. ಹೊಟ್ಟ್ಯಾಗಿಂದ ಎಳೀಬೇಕು. ಹಚ್ಚಿದ ಕಾಲು ನಡಿಯಂಗಿಲ್ಲ."

ಹೆಬ್ಬೆರಳು ತೋರುಬೆರಳಿನ ನಡುವೆ ಮಣ್ಣು ಇಳಿದು ಕಾಲಾಯಿತು. ಒಂದು, ಎರಡು, ಮೂರು, ನಾಲ್ಕು. ಎರಡೂ ಎತ್ತು ಒಂದೇ ತರ ಇರಲಿಲ್ಲ. ಬಲಕ್ಕೆ ಹೂಡುವುದರ ತಲೆ ತುಸು ಎಡಕ್ಕೆ, ಎಡಕ್ಕೆ ಹೂಡುವುದರ ತಲೆ ತುಸು ಬಲಕ್ಕೆ ತಿರುಗಿತ್ತು. ಪಕ್ಕಪಕ್ಕ ಇಟ್ಟರೆ ಒಂದನ್ನೊಂದು ಓರೆಗಣ್ಣಿನಲ್ಲಿ ನೋಡಿಕೊಳ್ಳುತ್ತಿದ್ದವು. ಕೊನೆಗೆ ಸೆರಗಿನ ಗಂಟು ಬಿಚ್ಚಿ, ನಾಲ್ಕು ಬಿಳಿ ಜೋಳದ ಕಾಳು ತೆಗೆದು ಕಣ್ಣಿನ ಜಾಗದಲ್ಲಿ ಒತ್ತಿದರು. ಅಲ್ಲಿಗೆ ಮಣ್ಣು ನಮ್ಮನ್ನು ನೋಡತೊಡಗಿತು. 

ಮರುದಿನವೇ ಶಾಲೆಗೆ ಒಪ್ಪಿಸುವ ದಿನ. ನನ್ನ ಹುಲಿ ಮೀಸೆಯಿಲ್ಲದೆ ಮೂಲೆಯಲ್ಲಿ ಬಿದ್ದಿತ್ತು. ಒಂದು ಎತ್ತನ್ನು ಕೊಡುತ್ತೀರಾ ಎಂದು ಕೇಳಿದೆ. ಸುತ್ತೋಲೆಯಲ್ಲಿ ಒಬ್ಬರಿಗೆ ಒಂದೇ ಕೃತಿ ಎಂದಿತ್ತಲ್ಲ. "ಜೋಡಿ ಐತ್ರಿ. ಒಂದನ್ನ ಹೆಂಗ ಒಯ್ತೀರಿ?" ಎಂದರು ನೀಲವ್ವ. ಎರಡೇ ದಿನದ ಮಾತು, ಆಮೇಲೆ ತಂದುಕೊಡುತ್ತೇನೆ ಎಂದೆ. ನೀಲವ್ವ ಎತ್ತನ್ನು ಕೊಟ್ಟರು.

ಈಗ ನನ್ನ ಜಾಣತನದ ಭಾಗ. ಹಸಿ ಮಣ್ಣು ಬೇಗ ಒಣಗಿದರೆ ಒಡೆಯುತ್ತದೆಂದು ಫೋನಿನಲ್ಲಿ ಯಾವುದೋ ವಿಡಿಯೋ ನೋಡಿದ್ದೆ. ಎತ್ತನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು ಕಳಿಸಿದೆ; ಹಾಗೇ ಒದ್ದೆಯಾಗಿಡಲು ಟೀಚರಿಗೆ ಚೀಟಿ ಬರೆದೆ. ನೀಲವ್ವ ತಮ್ಮ ಕೋಲಿಯಲ್ಲಿ ಎತ್ತುಗಳನ್ನು ಒಲೆಯ ಮೇಲಿನ ಹಲಗೆಯಲ್ಲಿಡುತ್ತಿದ್ದರು, ಎರಡು ದಿನಕ್ಕೆ ಕಲ್ಲಾಗುತ್ತಿದ್ದವು. ಪ್ರತಿ ವಾರ ಹೆಸರುಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಡಬ್ಬಿಯಲ್ಲಿಟ್ಟು ಮೊಳಕೆ ಬರಿಸುವ ನನಗೆ, ಜೋಳವೂ ಒಂದು ಕಾಳೇ ಎಂಬುದು ಹೊಳೆಯಲಿಲ್ಲ.

ನಾಲ್ಕನೇ ದಿನ ತೀರ್ಪುಗಾರರು ಬಂದು ಬಟ್ಟೆ ಬಿಚ್ಚಿದಾಗ ಎತ್ತಿನ ಎರಡೂ ಕಣ್ಣಿನಿಂದ ಹಸಿರು ಮೊಳಕೆ ಹೊರಬಂದಿತ್ತು. ಆನೆ, ಸಿಂಹ, ಗೂಬೆಗಳ ಸಾಲಿನಲ್ಲಿ ಅದೊಂದೇ ಜೀವಂತ. ಎಂಥ ಕಲ್ಪನೆ ಎಂದು ಅವರು ಬೆರಗಾದರಂತೆ. ಪ್ರಕೃತಿಯ ಕಡೆಗೆ ತಿರುಗಿ ನೋಡುತ್ತಿರುವ ಪ್ರಾಣಿ, ಕಣ್ಣಲ್ಲಿ ನಾಳೆಯ ಬೆಳೆ. ಅರ್ಥ ಹೇಳು ಎಂದು ಮೇಘಾಳನ್ನು ಕೇಳಿದರೆ ಅವಳು ಗಾಬರಿಯಲ್ಲಿ, "ಸೇವ್ ಅರ್ಥ್" ಎಂದಳಂತೆ. ಮೊದಲ ಬಹುಮಾನ. ಒಂದು ಪ್ರಮಾಣಪತ್ರ, ಒಂದು ಸ್ಟೀಲಿನ ನೀರಿನ ಬಾಟಲಿ. ಎತ್ತನ್ನು ಮಾತ್ರ ಗಣಪತಿ ಹಬ್ಬದ ಪ್ರದರ್ಶನದವರೆಗೆ ಶಾಲೆಯ ಗಾಜಿನ ಬೀರುವಿನಲ್ಲಿ, ಮೇಘಾಳ ಹೆಸರಿನ ಚೀಟಿಯೊಂದಿಗೆ ಇಡುವುದೆಂದು ತೀರ್ಮಾನವಾಯಿತು.

ನೆಂಟರಿಗೆ ನಾನು ಹೇಳುವ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಎಲ್ಲರೂ ನಗುತ್ತಿದ್ದರು, ನಾನು ಕಾಫಿ ತರಲು ಏಳುತ್ತಿದ್ದೆ.

ನೀಲವ್ವ ನಗಲಿಲ್ಲ. "ಕಣ್ಣಾಗ ಮೊಳಕಿ ಬಂತೇನ್ರಿ?" ಎಂದು ಎರಡು ಸಲ ಕೇಳಿದರು. "ಕಾಳು ಜೀವ ಹಿಡದಾವ. ಬೀರುದಾಗ ಇಟ್ರ ಸಾಯ್ತಾವ್ರಿ. ಅದನ್ನ ತರ್ರಿ." ಅವರ ಮನೆಯ ರೂಢಿಯಲ್ಲಿ ನಾಗರಪಂಚಮಿಯ ಹೊತ್ತಿಗೆ ಜೋಡಿಯನ್ನು ಹೊಲದ ಬದುವಿಗೆ ಬಿಡುತ್ತಾರೆ, ಮಳೆಯಲ್ಲಿ ಕರಗಿ ಮಣ್ಣು ಮಣ್ಣಿಗೆ ಸೇರುತ್ತದೆ. ಬಿಟ್ಟರೆ ಎರಡನ್ನೂ ಬಿಡಬೇಕು. ಒಂದನ್ನೇ ಬಿಡುವುದಿಲ್ಲ, ಒಂದನ್ನೇ ಇಟ್ಟುಕೊಳ್ಳುವುದೂ ಇಲ್ಲ. ಈಗ ಒಂದು ಎತ್ತು ನೀಲವ್ವನವರ ಕೋಲಿಯ ಹಲಗೆಯ ಮೇಲೆ ಪಕ್ಕದ ಖಾಲಿ ಜಾಗವನ್ನು ನೋಡುತ್ತಾ ನಿಂತಿತ್ತು. ಇನ್ನೊಂದು ಠಾಣೆಯ ಶಾಲೆಯಲ್ಲಿ ಗಾಜನ್ನು ನೋಡುತ್ತಿತ್ತು.

ತರುವುದೆಂದರೆ ಶಾಲೆಗೆ ಹೋಗಿ ಕೇಳಬೇಕು. ಬಹುಮಾನ ಬಂದ ವಸ್ತು ಯಾಕೆ ಬೇಕು ಎಂದರೆ ನಿಜ ಹೇಳಬೇಕು. ನಿಜ ಹೇಳಿದರೆ ಮಗಳ ಮುಖ ಏನಾಗಬೇಕು, ನನ್ನದೇನಾಗಬೇಕು. ಬಿಸಿ ತುಪ್ಪ ನುಂಗಲೂ ಆಗದು, ಉಗುಳಲೂ ಆಗದು. ದಿನ ದೂಡಿದೆ. ಪ್ರತಿ ಸೋಮವಾರ ನೀಲವ್ವ ಕಸಬರಿಗೆ ಕೈಗೆತ್ತಿಕೊಳ್ಳುವ ಮೊದಲು, "ನಮ್ಮ ಎತ್ತು ಬಂತೇನ್ರಿ?" ಎಂದು ಕೇಳುತ್ತಿದ್ದರು. ಇಲ್ಲ ನೀಲವ್ವ, ಟೀಚರು ರಜದಲ್ಲಿದ್ದಾರೆ. ಇಲ್ಲ, ಬೀರುವಿನ ಬೀಗದ ಕೈ ಸಿಕ್ಕಿಲ್ಲವಂತೆ. ಕ್ಲೇಮ್ ಫೈಲುಗಳಲ್ಲಿ ಜನ ಬರೆಯುವ ಸುಳ್ಳುಗಳನ್ನು ಹಿಡಿದು ಸಂಬಳ ಪಡೆಯುವವಳು ನಾನು. ಆ ಅನುಭವವೆಲ್ಲ ಇಲ್ಲಿ ಉಪಯೋಗಕ್ಕೆ ಬಂತು.

ಅಷ್ಟರಲ್ಲಿ ಇನ್ನೊಂದಾಯಿತು. ಎರಡು ಭಾನುವಾರ ಶರಣಪ್ಪ ಕಳಂಬೋಲಿಯಿಂದ ಬರಲಿಲ್ಲ. ಫೋನೂ ಹತ್ತುತ್ತಿರಲಿಲ್ಲ. ನೀಲವ್ವ ಹೇಳಿದ್ದು ಇಷ್ಟೇ: "ಜೋಡಿ ಅಗಲಿಸಬಾರದಿತ್ರಿ." ನಾನು ವಿದ್ಯಾವಂತೆಯಾದ್ದರಿಂದ, ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಸಮಾಧಾನ ಹೇಳಿದೆ. ಹೇಳುತ್ತಲೇ ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ. ಕಬ್ಬಿಣದ ಸರಳುಗಳನ್ನು ಎತ್ತಿ ಇಳಿಸುವ ಕೆಲಸ, ಏನು ಬೇಕಾದರೂ ಆಗಬಹುದು. ಮರುದಿನ ಆಫೀಸಿಗೆ ಅರ್ಧ ದಿನ ರಜ ಹಾಕಿ ಶಾಲೆಗೆ ಹೋದೆ. ಪ್ರಿನ್ಸಿಪಾಲರು ಎದ್ದು ನಿಂತು ಅಭಿನಂದಿಸಿದರು. ಟೀ ತರಿಸಿದರು. ಮಗಳನ್ನು ಹೇಗೆ ಬೆಳೆಸಿದ್ದೀರಿ ಎಂದು ಕೇಳಿದರು. ನಾನು ಟೀ ಕುಡಿದು, ಹೇಗೆ ಬೆಳೆಸಿದ್ದೇನೆಂದು ಹತ್ತು ನಿಮಿಷ ಹೇಳಿ, ಮನೆಗೆ ಬಂದೆ.

ಮೂರನೇ ಭಾನುವಾರ ಶರಣಪ್ಪ ಬಂದರು. ಫೋನು ಮಳೆನೀರಿನಲ್ಲಿ ಬಿದ್ದು ಕೆಟ್ಟಿತ್ತು, ಮಾರ್ಕೆಟ್ಟಿನಲ್ಲಿ ಆಳು ಕಮ್ಮಿಯಾಗಿ ಡಬಲ್ ಡ್ಯೂಟಿ ಬಿದ್ದಿತ್ತು, ಅಷ್ಟೆ. ಸೋಮವಾರ ನೀಲವ್ವ ಈ ಸುದ್ದಿ ಹೇಳಿದಾಗ ನನಗಾದ ಸಂತೋಷದಲ್ಲಿ ಅರ್ಧ ನನ್ನ ಸ್ವಾರ್ಥದ್ದು. ಇನ್ನು ಎತ್ತಿನ ಮಾತು ಬರಲಾರದು ಎಂದುಕೊಂಡೆ. ನೋಡಿದ್ರಾ ನೀಲವ್ವ, ಸುಮ್ಮನೆ ಹೆದರಿದಿರಿ, ಎಲ್ಲ ಸರಿಹೋಯಿತಲ್ಲ ಎಂದೆ.

"ಅವರು ಬಂದ್ರು ಅಕ್ಕಾರ. ಎತ್ತು ಬರ್ಲಿಲ್ಲಲ್ರಿ."

ಪಂಚಮಿ ಒಂದೇ ವಾರ ದೂರ. ನಾನು ಕೊನೆಯ ಉಪಾಯ ಹೂಡಿದೆ. ಮಾರ್ಕೆಟ್ಟಿನಲ್ಲಿ ಪೋಳಾದ ಎತ್ತು ಇನ್ನೂ ಬಂದಿರಲಿಲ್ಲ; ಬಂದಿದ್ದರೆ ಕೊಂಡುಬಿಡುತ್ತಿದ್ದೆ. ಸ್ಟೇಷನ್ ಹತ್ತಿರ ಗಣಪತಿ ಮಾಡುವವರಿಂದ ಒಂದು ಮುದ್ದೆ ಶಾಡೂ ಮಣ್ಣು ತಂದೆ. ಅದು ಬೂದು ಬಣ್ಣ. ಇಸ್ತ್ರಿಯವನ ಇದ್ದಿಲಪುಡಿ ಬೆರೆಸಿ ಕಪ್ಪಾಗಿಸಿದೆ. ಹತ್ತಿ ಹಾಕಿದೆ. ಬೆನ್ನು ಬಂತು, ಡುಬ್ಬ ಬಂತು, ಕತ್ತೂ ಒಂದು ಮಟ್ಟಿಗೆ ಬಂತು. ಕಾಲು ಬರಲಿಲ್ಲ. ಹೊಟ್ಟೆಯಿಂದ ಎಳೆದರೆ ಮೂರನೇ ಕಾಲಿಗೆ ಮಣ್ಣೇ ಉಳಿಯುತ್ತಿರಲಿಲ್ಲ; ನಾಲ್ಕೂ ಎಳೆದರೆ ಹೊಟ್ಟೆ ಮಾಯ. ಎರಡು ಸಂಜೆ ಹೀಗೇ ಕಳೆದವು. ನಾಚಿಕೆಗೇಡಿನ ಕೆಲಸವೆಂದು ಗೊತ್ತಿದ್ದೂ ಆ ಎರಡು ಸಂಜೆ ನನಗೆ ಹಿತವಾಗಿದ್ದವು, ಇದನ್ನೂ ಹೇಳಿಬಿಡುತ್ತೇನೆ. ಬೆರಳಿನ ಒಂದು ಒತ್ತಿಗೆ ಗಂಗೆದೊಗಲು ಮೂಡುತ್ತದೆ, ಇನ್ನೊಂದು ಒತ್ತಿಗೆ ಅಳಿಸಿಹೋಗುತ್ತದೆ. ಊರೂರಿನ ಕೈಗಳಿಗೆ ಗೊತ್ತಿರುವುದು ನನ್ನ ಕೈಗೆ ಯಾಕೆ ಗೊತ್ತಿಲ್ಲ ಎಂದು ಕುತೂಹಲ. ಮೇಘಾ ಬಾಗಿಲಲ್ಲಿ ನಿಂತು ನೋಡಿ, "ಯೇ ಕಿಸ್‌ಕೇ ಲಿಯೇ?" ಇದು ಯಾರಿಗೆ, ಎಂದು ಕೇಳಿದಳು. ಸುಮ್ಮನೆ ಎಂದೆ. ಅವಳಿಗೆ ಗೊತ್ತಾಯಿತೆಂದು ನನಗೆ ಗೊತ್ತಾಯಿತು. ಕೊನೆಗೆ ನಾಲ್ಕು ಕಾಲು ಬೇರೆ ಮಾಡಿ ಅಂಟಿಸಿ, ಒದ್ದೆ ಬೆರಳಿನಿಂದ ಸಂದು ಸವರಿ, ಜೋಳದ ಕಣ್ಣಿಟ್ಟೆ.

ಸೋಮವಾರ, "ಬಂತು ನೀಲವ್ವ" ಎಂದು ಕೊಟ್ಟೆ. ಮೊಳಕೆ ಉದುರಿಹೋದವು, ಬೇರೆ ಕಾಳು ಇಟ್ಟಿದ್ದೇನೆ ಎಂದೂ ಸೇರಿಸಿದೆ.

ನೀಲವ್ವ ಎತ್ತಿನ ಮುಖ ನೋಡಲಿಲ್ಲ. ಎತ್ತನ್ನು ಅಂಗಾತ ಮಾಡಿ, ಕಾಲು ಹೊಟ್ಟೆಗೆ ಸೇರುವ ಕಡೆ ಹೆಬ್ಬೆರಳು ಆಡಿಸಿದರು.

"ಕಾಲು ಹಚ್ಚೀರಲ್ರಿ."

ನಾನು ಮೇಜಿನ ಮೇಲಿನ ಪೇಪರು ಮಡಿಸತೊಡಗಿದೆ.

"ನೀವ ಮಾಡಿದ್ರೇನು?"

"ಹೂಂ."

ಅವರು ಅದನ್ನು ಮೇಜಿನ ಮೇಲೆ ಮೆಲ್ಲಗೆ ನಿಲ್ಲಿಸಿದರು. ಬೈದಿದ್ದರೆ ಒಳ್ಳೆಯದಿತ್ತು. ಪರವಾಗಿಲ್ಲ ಬಿಡ್ರಿ ಅಂದಿದ್ದರೂ ಸಾಕಿತ್ತು, ಅದನ್ನೇ ಕಾಯುತ್ತಿದ್ದೆ. ಅವರು ಹೇಳಿದ್ದು ಬೇರೆ. "ಡುಬ್ಬ ಚಲೋ ಬಂದೈತಿ. ಆದ್ರ ಇದು ನಿಮ್ಮನಿ ಎತ್ತು, ನಿಮ್ಮನ್ಯಾಗ ಇರ್ಲಿ. ನಮ್ದು ನಮಗ ತಂದು ಕೊಡ್ರಿ. ಖರೇ ಏನೈತಿ ಅದನ್ನ ಹೇಳಿ ತರ್ರಿ. ಹುಡುಗೀಗಿ ನಾ ಏನೂ ಅನ್ನಂಗಿಲ್ಲ." ಆಮೇಲೆ ಎದ್ದು ಪಾತ್ರೆ ತೊಳೆದು, ಹೋಗುವಾಗ ಎಂದಿನಂತೆ ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದರು.

ಆ ರಾತ್ರಿ ಊಟಕ್ಕೆ ಕೂತಾಗ ಮೇಘಾಳಿಗೆ ಹೇಳಿದೆ, ನಾಳೆ ಶಾಲೆಗೆ ಬರುತ್ತೇನೆ, ನಿಜ ಹೇಳುತ್ತೇನೆ, ತಪ್ಪು ನನ್ನದು ಎಂದು. ಅವಳು ಅಳಬಹುದೆಂದುಕೊಂಡಿದ್ದೆ. ಅವಳು ಅನ್ನ ಕಲಸುತ್ತಲೇ, ಬೀರುವಿನ ಮುಂದೆ ಹೋಗಬಾರದೆಂದು ಒಂದು ತಿಂಗಳಿಂದ ಹಿಂದಿನ ಮೆಟ್ಟಿಲು ಹತ್ತಿ ಕ್ಲಾಸಿಗೆ ಹೋಗುತ್ತಿದ್ದೇನೆ ಎಂದಳು. ಒಂಬತ್ತು ವರ್ಷದ ಮಗು ದಿನಾ ಸುತ್ತು ಹಾಕಿಕೊಂಡು ಮೆಟ್ಟಿಲು ಹತ್ತಿದ್ದು ನನಗೆ ಗೊತ್ತೇ ಇರಲಿಲ್ಲ. ನನಗೇ ಅಳು ಬಂತು.

ಪ್ರಿನ್ಸಿಪಾಲರ ಕೋಣೆಯಲ್ಲಿ ನಡೆದದ್ದು ನಾನು ಹೆದರಿದಂತೆ ಇರಲಿಲ್ಲ, ಅದಕ್ಕಿಂತ ತಮಾಷೆಯಾಗಿತ್ತು. ನನ್ನ ತಪ್ಪೊಪ್ಪಿಗೆ ಅವರಿಗೆ ಬೇಕಿರಲಿಲ್ಲ. "ಮ್ಯಾಡಮ್, ಸಗಳೇಚ್ ಕರತಾತ," ಎಲ್ಲರೂ ಮಾಡುವುದೇ, ಎಂದು ಮರಾಠಿಯಲ್ಲಿ ಸಮಾಧಾನ ಹೇಳಿದರು. ಸಿಂಹ ಮಾಡಿದ್ದು ಒಬ್ಬರ ಡ್ರೈವರಂತೆ, ಗೂಬೆ ಆನ್‌ಲೈನಿನಲ್ಲಿ ಬಂದದ್ದಂತೆ. ಶಾಲೆಯ ಪತ್ರಿಕೆಯಲ್ಲಿ ಎತ್ತಿನ ಫೋಟೋ ಅಚ್ಚಾಗಿಬಿಟ್ಟಿದೆ, ಈಗ ಎಲ್ಲಿ ಬದಲಾಯಿಸುವುದು ಎಂಬುದು ಅವರ ಚಿಂತೆ. ನಾನು ಕೂತೇ ಇದ್ದೆ. ಅಷ್ಟರಲ್ಲಿ ಮೇಘಾ ಪ್ರಮಾಣಪತ್ರವನ್ನೂ ಬಾಟಲಿಯನ್ನೂ ಮೇಜಿನ ಮೇಲಿಟ್ಟು, "ಮೈನೇ ನಹೀಂ ಬನಾಯಾ" ಎಂದಳು. ಅವರು ಪ್ರಮಾಣಪತ್ರ ತೆಗೆದುಕೊಂಡು, ಬಳಸಿದ ಬಾಟಲಿಯನ್ನು ವಾಪಸ್ ತಳ್ಳಿ, ಬೀರುವಿನ ಬೀಗ ತೆಗೆಸಿದರು. ಮೊಳಕೆಗಳು ಒಣಗಿ ಎರಡು ಹುಲ್ಲುಕಡ್ಡಿಗಳಾಗಿದ್ದವು.

ಆ ಹೊತ್ತಿಗೆ ಪಂಚಮಿ ಕಳೆದು ಎರಡು ದಿನವಾಗಿತ್ತು. ಒಂದೇ ಸ್ಟೇಷನ್ನಿನ ದೂರವಾದರೂ ಅಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಕಳವಾಕ್ಕೆ, ನೀಲವ್ವನವರ ಗಲ್ಲಿಗೆ, ಹೋಗಿರಲಿಲ್ಲ. ಮೇಘಾ ಡಬ್ಬಿಯನ್ನು ಎದೆಗೆ ಹಿಡಿದು ಲೇಡೀಸ್ ಡಬ್ಬದಲ್ಲಿ ನಿಂತಿದ್ದಳು. ನೀಲವ್ವ ಬಾಗಿಲಿಗೆ ಬಂದಾಗ ಡಬ್ಬಿ ಚಾಚಿ, ಹುಡುಕಿ ಹುಡುಕಿ ಕನ್ನಡದಲ್ಲಿ ಹೇಳಿದಳು: "ನಿಮ್ಮ ಎತ್ತು. ನಾನು ಮಾಡಿಲ್ಲ."

"ಗೊತ್ತೈತವ್ವ," ಎಂದು ನೀಲವ್ವ ಅವಳ ಗಲ್ಲ ಮುಟ್ಟಿದರು. ನನ್ನ ಕಡೆ ನೋಡಿ, "ತಡ ಆತು. ಬಂತಲ್ಲ," ಎಂದರು.

ಸೇತುವೆಯ ಕೆಳಗಿನ ಖಾಡಿಗೆ, ಸಮುದ್ರದ ಆ ಹಿನ್ನೀರಿಗೆ, ಬಿಡುತ್ತೀರಾ ಎಂದು ಕೇಳಿದೆ. ಉಪ್ಪುನೀರಿಗೆ ಎತ್ತು ಬಿಡುವುದಿಲ್ಲವಂತೆ. ರೈಲು ಹಳಿಯ ಪಕ್ಕ ಯಾರೋ ಪಾಲಕ್, ಮೆಂತ್ಯ ಬೆಳೆಯುವ ಪಟ್ಟಿಗಳಿವೆಯಲ್ಲ, ನಾವು ಕಿಟಕಿಯಿಂದ ನೋಡಿ ಮೂಗು ಮುರಿಯುತ್ತೇವಲ್ಲ, ಅಲ್ಲಿಗೆ ಕರೆದುಕೊಂಡು ಹೋದರು. ಬದುವಿನ ಮೇಲೆ ಜೋಡಿಯನ್ನು ನಿಲ್ಲಿಸಿದರು. ತಿಂಗಳ ಮೇಲಾದ ನಂತರ ಎರಡೂ ಒಂದನ್ನೊಂದು ಓರೆಗಣ್ಣಿನಲ್ಲಿ ನೋಡಿದವು. ಕರ್ಜತ್ ಕಡೆಯ ಫಾಸ್ಟ್ ಲೋಕಲ್ ಹಾದುಹೋಯಿತು, ಮಳೆ ಜೋರಾಯಿತು. ಎತ್ತಿನ ಮೂತಿ ಮೊದಲು ಮೆತ್ತಗಾಗಿ ಕೆಳಗಿಳಿಯಿತು. ಎಷ್ಟು ಹೊತ್ತಿಗೆ ಕರಗುತ್ತವೆಂದು ಮೇಘಾ ಕೇಳಿದಳು. ಕರಗೋದು ನೋಡಬಾರದು, ಬರ್ರಿ ಎಂದು ನೀಲವ್ವ ನಮ್ಮನ್ನು ತಿರುಗಿಸಿಕೊಂಡು ಬಂದರು.

ನೀಲವ್ವ ಈಗ ಮಗನ ಸಂಸಾರದ ಜೊತೆ ಬದಲಾಪುರದಲ್ಲಿದ್ದಾರೆ. ಮೇಘಾ ಕಾಲೇಜು ಮುಗಿಸುತ್ತಿದ್ದಾಳೆ. ಇಷ್ಟನ್ನು ಬರೆದು ಮುಗಿಸುವಾಗ ಸಂಜೆಯಾಯಿತು. ಬೇರೆಯವರ ಹೆಸರು ಹಿಡಿದು ಬರೆದ ಮೇಲೆ ಅವರಿಗೆ ಓದಿ ಹೇಳಬೇಕೆನ್ನಿಸಿ, ಫೋನು ಮಾಡಿ ಪೂರ್ತಿ ಓದಿದೆ. ನೀಲವ್ವ ನಡುನಡುವೆ ಹೂಂ ಅನ್ನುತ್ತಿದ್ದರು. ಹೊಟ್ಟೆನೋವಿನ ಬೆಕ್ಕಿನ ಕಡೆ ನಕ್ಕರು. ಓದಿ ಮುಗಿಸಿ, ಹೇಗಿದೆ ಎಂದು ಕೇಳಿದೆ. ಮೆಚ್ಚುಗೆ ಬರುತ್ತದೆಂದು ಕಾದಿದ್ದೆ, ಸುಳ್ಳೇಕೆ.

"ಚಲೋ ಬರದೀರಿ. ಒಂದು ತಪ್ಪೈತಿ."

"ಏನು ನೀಲವ್ವ?"

"ನೀಲವ್ವ ಕೊಟ್ಟಳು ಅಂತ ಬರದೀರಲ್ರಿ. ನಾ ಕೊಟ್ಟಿದ್ದಿಲ್ಲ. ಒಂದನ್ನ ಹೆಂಗ ಒಯ್ತೀರಿ ಅಂತ ಕೇಳಿದ್ನಿ. ಅಷ್ಟೊತ್ತಿಗೆ ನೀವು ಅರಬಿ ಸುತ್ತಿ ಡಬ್ಬ್ಯಾಗ ಇಟ್ಟಿದ್ರಿ."

ಫೋನಿಟ್ಟು ಹಾಳೆ ತಿರುವಿ ನೋಡಿದೆ. ನೀಲವ್ವ ಎತ್ತನ್ನು ಕೊಟ್ಟರು ಎಂದೇ ಇದೆ. ನಿಜ ಹೇಳುತ್ತೇನೆಂದು ಹೊರಟ ದಿನವೂ ನನ್ನ ಕೈ ಅದನ್ನೇ ಬರೆದಿದೆ, ಒಂದು ಕ್ಷಣ ತಡೆಯಲೂ ಇಲ್ಲ. ಇಷ್ಟು ವರ್ಷ ನಾನು ಅದನ್ನು ನಂಬಿಕೊಂಡೇ ಬದುಕಿದ್ದೇನೆ. ಆ ಸಾಲನ್ನು ಹೊಡೆದುಹಾಕಿಲ್ಲ, ನೀವೂ ಓದಿದ್ದೀರಿ. ಈಗ ತಿದ್ದಿ ಓದಿಕೊಳ್ಳಿ. ಎತ್ತನ್ನು ನೀಲವ್ವ ಕೊಡಲಿಲ್ಲ. ಅವರು ಕೇಳುತ್ತಿದ್ದಾಗಲೇ ನಾನು ತೆಗೆದುಕೊಂಡೆ.